ತಾಡಪತ್ರಿ ಸಾಲದ ಗಿಡ

ಕೃಷಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದ ಸಂಗನಬಸಪ್ಪನೆಂಬ ನಾನು ಈಗ ಅಮೆರಿಕದ ಸ್ಯಾನ್ ಹೋಸೆಯಲ್ಲಿ ಮಗಳ ಮನೆಯ ಹಿತ್ತಲಲ್ಲಿ ಗಾಂಜಾ ಬೆಳೆಯುತ್ತಿದ್ದೇನೆ. ನಗುವವರು ನಗಲಿ. ಇಲ್ಲಿಯ ಕಾನೂನು ಮನೆಗೆ ಆರು ಗಿಡ ಒಪ್ಪುತ್ತದೆ, ಮಗಳ ಡಾಕ್ಟರೂ ಒಪ್ಪಿದ್ದಾರೆ.

ಮಗಳು ಇಂಚರಾಗೆ ಕೀಮೋ ನಡೆದಿದೆ. ಪ್ರತಿ ಸಲ ಅದಾದ ಮೇಲೆ ವಾರಗಟ್ಟಲೆ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಸಿಗುವ ಗಾಂಜಾ ಔಷಧಿ ಅವಳ ತಲೆ ತಿರುಗಿಸಿತು. ಅಳಿಯ ಸುಘೋಷ್ ಗೆಳೆಯನಿಂದ ತಂದ ಒಂದು ತಳಿಯ ಹೂವನ್ನು ತುಪ್ಪದಲ್ಲಿ ಕಾಯಿಸಿ ಕೊಟ್ಟಾಗ ಮಾತ್ರ ಅರ್ಧ ರೊಟ್ಟಿ ತಿಂದು ಅರಗಿಸಿಕೊಂಡಳು. ಆ ತುಪ್ಪದ ಬಾಟಲಿ ತಳ ಕಂಡಿತ್ತು. ಮುಂದಿನ ಕೀಮೋಗೆ ಉಳಿದದ್ದು ಮೂರು ವಾರ, ಅಷ್ಟರಲ್ಲಿ ಹೊಸ ಹೂ ಕೊಯ್ದು ಒಣಗಿಸಬೇಕಿತ್ತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಅದೇ ತಳಿಯ ಬೀಜ ತರಿಸಿ ಬಿತ್ತಿದ ಗಿಡಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಕಿದ್ದೆ. ಮಣ್ಣಿಗೆ ಬೆರಳಿಳಿಸಿ, ಒಣಗಿದ್ದರೆ ಮಾತ್ರ ನೀರು. ಗಾಳಿ ಆಡಲೆಂದು ಬುಡದ ಎಲೆ ಸವರಿದೆ. ಗಂಡು ಗಿಡ ಕಂಡ ದಿನವೇ ಕಿತ್ತೆ, ಇಲ್ಲದಿದ್ದರೆ ಹೂವೆಲ್ಲ ಬೀಜಗಟ್ಟುತ್ತದೆ. ನುಸಿ ಹತ್ತಿದೆಯೇ ಎಂದು ದಿನಕ್ಕೆ ನಾಲ್ಕು ಸಲ ಕನ್ನಡಕ ಒರೆಸಿಕೊಂಡು ಎಲೆಯಡಿ ನೋಡುತ್ತಿದ್ದೆ.

ಈ ಗಿಡದ ಪರಿಚಯ ನನಗೆ ಹಳೆಯದು. ಹಿರೇಕೆರೂರಿನಲ್ಲಿದ್ದಾಗ ಹತ್ತಿಯ ನಡುವೆ ಗಾಂಜಾ ಗುರುತಿಸಲು ಪೊಲೀಸರು ನನ್ನನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ಬದುವಿನ ಮೇಲೆ ನಿಂತೇ ಬೆರಳು ಮಾಡಿ ತೋರಿಸುತ್ತಿದ್ದೆ. ಒಮ್ಮೆ ಚನ್ನಬಸವ್ವ ಎಂಬ ಮುದುಕಿಯ ಹಿತ್ತಲಲ್ಲಿ ಎರಡೇ ಗಿಡ ಸಿಕ್ಕವು. ಅವಳ ಗಂಡನಿಗೆ ಗಂಟಲಲ್ಲಿ ಗಡ್ಡೆ.

"ಒಂದಾರ ಬಿಡ್ರಿ ಸಾಹೇಬ್ರ, ಅವ್ರಿಗೆ ನಿದ್ದಿ ಹತ್ತತೈತ್ರಿ" ಎಂದು ಕೈಮುಗಿದಿದ್ದಳು. ಎರಡನ್ನೂ ಕೀಳಿಸಿ, ಪೊಲೀಸರ ಜೊತೆ ಚಹಾ ಕುಡಿದು ಮನೆಗೆ ಬಂದಿದ್ದೆ.

ಅಕ್ಟೋಬರ್ ಕೊನೆಗೆ, ಕೊಯ್ಲಿಗೆ ಐದು ದಿನವಿದೆ ಎನ್ನುವಾಗ ಮಳೆಯ ಸುದ್ದಿ ಬಂತು. ಗರಾಜಿನಿಂದ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಎಳೆದು ತಂದು ಗಿಡಗಳಿಗೆ ಹೊದಿಸಿ, ಅಂಚಿಗೆಲ್ಲ ಇಟ್ಟಿಗೆ ಹೇರಿದೆ. ಅದು ಐದು ಗಿಡಗಳಿಗಷ್ಟೇ ಸಾಕಾಯಿತು. ಆರನೆಯದು ಬೇಲಿಯ ಪಕ್ಕದ ಸೊಟ್ಟ ಗಿಡ. ಹೋದರೆ ಹೋಗಲಿ ಎಂದು ಬಿಟ್ಟೆ.

"ಮಾವ, ಹೀಗೆ ಮುಚ್ಚಿದ್ರೆ ಒಳಗೆ ಗಾಳಿ ಆಡಲ್ಲ, ಫಂಗಸ್ ಬರತ್ತೆ" ಎಂದ ಸುಘೋಷ್.

"ಬ್ಯಾಡಗಿ ಮೆಣಸಿನಕಾಯಿ ರಾಶಿಗೆ ತಾಡಪತ್ರಿ ಹೊದಸ್ಕೊಂತ ಬೆಳದಾಂವ ನಾ. ನನಗ ಹೇಳಬ್ಯಾಡ್ರಿ."

ಅವನು ಮೀಟಿಂಗಿಗೆ ಹೋದ. ನಾಲ್ಕು ದಿನ ಮಳೆ ಹಿಡಿಯಿತು. ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗಿದೆ.

ಐದನೆಯ ಬೆಳಿಗ್ಗೆ ತಾಡಪತ್ರಿ ಎತ್ತಿದರೆ ಒಳಗಿನಿಂದ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಒಂದು ಹೂವಿನ ನಡುವೆ ಹಳದಿ ಎಲೆ. ಮುಟ್ಟಿದ್ದೇ ತಡ, ಕೈಗೆ ಬಂತು. ಹೂ ಬಿಡಿಸಿ ನೋಡಿದೆ. ಒಳಗೆ ಬೂದು ಬೂಷ್ಟು. ರಾಶಿಯ ಕಾಯಿ ಒಣಗಿದ್ದು, ಬದುಕಿರುವ ಗಿಡ ಉಸಿರಾಡುತ್ತದೆ. ಇದನ್ನೇ ನಾನು ಊರೂರಿಗೆ ಹೋಗಿ ರೈತರಿಗೆ ಹೇಳಿದ್ದೆ!

ಐದು ಗಿಡ ಹುಡುಕಿದರೆ ಕೆಟ್ಟ ಹೂ ಏಳು ಸಿಕ್ಕವು. ಉಳಿದವು ನೋಡಲು ಚೆನ್ನಾಗಿಯೇ ಇದ್ದವು. ಆ ಏಳನ್ನು ಕತ್ತರಿಸಿ ಜೇಬಿಗೆ ತುರುಕಿದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಇಂಚರಾ ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಹೊರಗೆ ಬಂದಳು.

"ಅಪ್ಪಾ, ಚಲೋ ಬಂದಾವೇನು?"

"ಹೂಂ ಯವ್ವಾ. ಚಲೋ ಬಂದಾವ."

ಅವಳು ನಕ್ಕು ಒಳಗೆ ಹೋದಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. ನಾನು ಹಿತ್ತಲನ್ನು ಎಷ್ಟು ಸಲ ಸುತ್ತಿದೆನೋ. ಅವಳ ರಕ್ತದಲ್ಲಿ ಬಿಳಿ ಕಣ ಇಳಿದಿವೆ, ಹಳಸಿದ್ದು, ಬೂಷ್ಟು ಹಿಡಿದದ್ದು ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಕಣ್ಣಿಗೆ ಕಾಣದ ಬೂಷ್ಟು ಉಳಿದ ಹೂಗಳಲ್ಲಿ ಇಲ್ಲವೆಂದು ಯಾವ ಬಾಯಿಂದ ಹೇಳಲಿ? ನನ್ನ ಮರ್ಯಾದೆ ಉಳಿಸಿಕೊಳ್ಳಲು ಮಗಳಿಗೆ ವಿಷ ಕೊಡುವವನಿದ್ದೆ.

ಒಳಗೆ ಹೋಗಿ ಜೇಬಿನದೆಲ್ಲ ಟೇಬಲ್ಲಿನ ದೂರದ ತುದಿಗೆ ಸುರಿದೆ.

"ಸುಳ್ಳ ಹೇಳಿದೆ ಯವ್ವಾ. ನಾನ ಕೆಡಿಸೇನಿ. ಸುಘೋಷ್ ಬ್ಯಾಡ ಅಂದಿದ್ದ, ಕೇಳಲಿಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಎಲ್ಲಾ ಹೋತೇನಪ್ಪಾ?"

ಐದನ್ನೂ ನನ್ನ ಕೈಯಾರೆ ಕಿತ್ತು ಕಸದ ಚೀಲಕ್ಕೆ ತುಂಬಿದೆ. ಆಮೇಲೆ ಸೊಟ್ಟ ಗಿಡದ ಮುಂದೆ ಕೂತೆ. ನಾಲ್ಕು ದಿನ ಮಳೆ ಬಡಿದಿತ್ತು, ಗಾಳಿ ಅಲ್ಲಾಡಿಸಿ ಒಣಗಿಸಿತ್ತು. ಸುಘೋಷ್ ಟಾರ್ಚು ಹಿಡಿದ. ಒಂದೊಂದೇ ಹೂ ಬಿಡಿಸಿ ನೋಡಿದೆವು. ಎಲ್ಲಿಯೂ ಬೂದು ಇರಲಿಲ್ಲ.

ಅದರಿಂದ ಆದದ್ದು ಒಂದು ಸಣ್ಣ ಬಾಟಲಿ ತುಪ್ಪ. ಕೀಮೋ ಆದ ಮೂರನೆಯ ದಿನ ಇಂಚರಾ ಅರ್ಧ ರೊಟ್ಟಿ ತಿಂದು, ಇನ್ನೊಂದು ಚೂರಿಗೆ ಕೈ ಚಾಚಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹಿತ್ತಲಿಗೆ ಬಂದುಬಿಟ್ಟೆ.

ಚನ್ನಬಸವ್ವ ಕೇಳಿದ್ದೂ ಒಂದೇ ಗಿಡವನ್ನು. ನಾನು ಬಿಟ್ಟಿರಲಿಲ್ಲ.