ಪದಕದ ರಿಹರ್ಸಲ್

ಮರುದಿನ ಅಂತರರಾಷ್ಟ್ರೀಯ ಕ್ರೀಡಾಕೂಟ. ಈಜುಕೊಳ, ಓಟದ ಮೈದಾನ, ಕುಸ್ತಿಯ ಹಾಲ್ ಎಲ್ಲವನ್ನೂ ತೊಳೆದು ಒರೆಸಿ ನಮ್ಮ ಸೊಂಟ ಬಿದ್ದುಹೋಗಿತ್ತು. ಅಷ್ಟರಲ್ಲಿ ಸಮಾರಂಭದ ಅಧಿಕಾರಿ ಬಂದು, ಪದಕ ಕೊಡುವುದನ್ನು ಒಮ್ಮೆ ಅಭ್ಯಾಸ ಮಾಡಬೇಕು, ಗೆದ್ದವರ ಜಾಗದಲ್ಲಿ ನೀವೇ ನಿಲ್ಲಿ ಎಂದರು. ಮೊದಲ ಸ್ಥಾನದ ಮೆಟ್ಟಿಲನ್ನು ನನ್ನ ಅತ್ತೆ ಹತ್ತಿದರು, ಎರಡನೆಯದು ನನ್ನ ಪಾಲಿಗೆ ಬಂತು. ಮನೆಯಲ್ಲೂ ಹೀಗೆಯೇ.

ಅಧಿಕಾರಿ ಕುಳ್ಳಗಿದ್ದರು. ಅತ್ತೆ ಮೊದಲೇ ಎತ್ತರದ ಆಳು, ಈಗ ಮೆಟ್ಟಿಲು ಬೇರೆ.

"ಸ್ವಲ್ಪ ತಲೆ ಬಗ್ಸಮ್ಮ" ಎಂದರು ಅಧಿಕಾರಿ, ಪದಕ ಹಿಡಿದುಕೊಂಡು.

"ಬಗ್ಸಲ್ಲ" ಎಂದರು ಅತ್ತೆ.

"ಗೆದ್ದೋರೆಲ್ಲ ಬಗ್ಗಿಸ್ತಾರಮ್ಮ. ಅದು ಪದ್ಧತಿ."

"ಅವರು ಗೆದ್ದಾಗ ಒಂದ್ಸಲ ಬಗ್ತಾರೆ ಸ್ವಾಮಿ. ನಾನು ದಿನಾ ಬೆಳಗಾದ್ರೆ ನಿಮ್ಮ ನೆಲಕ್ಕೆ ಬಗ್ತೀನಿ. ಇವತ್ತು ನೀವೇ ಮೇಲೆ ಬನ್ನಿ."

ಕೆಲಸಕ್ಕೆ ಕುತ್ತು ಬಂದೀತೆಂದು ನಾನು ಕಣ್ಸನ್ನೆ ಮಾಡಿದೆ. ಅತ್ತೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಅಧಿಕಾರಿ ತುದಿಗಾಲಲ್ಲಿ ನಿಂತು ನೋಡಿದರು, ಕೈ ಎಟುಕಲಿಲ್ಲ. ಕೊನೆಗೆ ಕುರ್ಚಿ ತರಿಸಿ, ಅದರ ಮೇಲೆ ಹತ್ತಿ ಪದಕ ಹಾಕಿದರು.

ಆಮೇಲೆ ಕೆಳಗಿಳಿದು ನನ್ನ ಮುಂದೆ ಬಂದು, "ನೀನಾದ್ರೂ ಬಗ್ಗಮ್ಮ" ಎಂದರು.

"ಕುರ್ಚಿ ಈ ಕಡೆ ಹಾಕ್ಕೊಳ್ಳಿ" ಎಂದೆ.