ಮನೆಯ ನೀರು

"ಮಂತ್ರಿಗಳು ಬಂದಾರ. ಈಗ ನೀನು ಏನಂತಿ?"

ಆಲೂರಿನ ಬ್ಲಾಕ್ ಆಫೀಸಿನಲ್ಲಿ ತಾಲೀಮು ನಡೆದಿತ್ತು. ದಿಲ್ಲಿ ಮಂತ್ರಿಯಾಗಿ ಕುರ್ಚಿಯಲ್ಲಿ ಕೂತವರು ಆಫೀಸರ್ ಚನ್ನಬಸಯ್ಯ. ಯಾರದೋ ಗಾಂಧಿ ಟೋಪಿ ಅವರ ತಲೆಗೆ ಬಿಗಿಯಾಗಿತ್ತು. ಎದುರಿಗೆ ನಿಂತ ಗ್ರಾಮಸೇವಕ ಉರುಕುಂದಪ್ಪ ಕೈಮುಗಿದ.

"ಊಟ ಆತೇನ್ರಿ ಸಾರ್?"

ಉಳಿದ ಗ್ರಾಮಸೇವಕರೆಲ್ಲ ಗೊಳ್ಳೆಂದು ನಕ್ಕರು.

"ಬೀಗರು ಬಂದಾರೇನಪಾ?" ಚನ್ನಬಸಯ್ಯ ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಆದೋನಿಗೆ ಹೋಗೋ ದಾರ್ಯಾಗ ನಿಮ್ಮೂರಾಗ ಒಂದು ಗಳಿಗಿ ಇಳಿತಾರ, ಅಷ್ಟ. ಊರಿಗೆ ಏನು ಬೇಕು, ಮುಖ ನೋಡಿ ಹೇಳಬೇಕು."

"ಸಿಹಿನೀರಿನ ಬಾವಿ ಸಾರ್. ಈಗಿಂದು ಬರೇ ಸವುಳು, ಬಾಯಿಗಿಡಾಕ ಆಗಂಗಿಲ್ಲ."

"ಹಾಂ! ಅದನ್ನ ಹೇಳು."

ಬಂದವರನ್ನು ಉಪಚರಿಸುವ ಮೊದಲೇ ಕೈಚಾಚುವುದು ಉರುಕುಂದಪ್ಪನಿಗೆ ಒಗ್ಗದ ಮಾತು. ಆದರೆ ಊರಿನ ಹೆಂಗಸರು ಬಿಸಿಲಲ್ಲಿ ದೂರದ ಹಳ್ಳದಿಂದ ಕೊಡ ಹೊರುವುದನ್ನು, ಅದು ಸಾಲದೆ ಸವುಳು ನೀರನ್ನೇ ಕುಡಿಯುವುದನ್ನು ದಿನಾ ನೋಡುತ್ತಿದ್ದ. ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ಬಾವಿಯ ಮಾತನ್ನೇ ಬಾಯಿಪಾಠ ಮಾಡಿದ, ಪಾಪ.

ಮರುದಿನ ಮಂತ್ರಿಯ ಜೀಪು ಅದೇ ಊರಿನ ಮಹಾಂತಮ್ಮನ ಮನೆ ಕಟ್ಟೆಯ ಮುಂದೆ ನಿಂತಿತು. ಉರುಕುಂದಪ್ಪ ಬಾಯಿ ತೆರೆಯುವುದರೊಳಗೆ ಆಕೆ ಚೊಂಬು ಹಿಡಿದು ಬಂದಳು. ದಿಲ್ಲಿಯಿಂದ ಬಂದವರಿಗೆ ಸವುಳು ನೀರು ಕೊಡುವುದುಂಟೆ? ನಸುಕಿನಲ್ಲೇ ಹಳ್ಳಕ್ಕೆ ಹೋಗಿ ತಂದಿದ್ದಳು. ಮಂತ್ರಿ ಗಟಗಟ ಕುಡಿದರು.

"ಮಂಚಿ ನೀಳ್ಳಮ್ಮಾ!" ಒಳ್ಳೇ ನೀರಮ್ಮಾ, ಇಂಥ ನೀರಿರುವ ಊರಿಗೆ ಏನು ಕೊರತೆ ಎಂದು ತೆಲುಗಿನಲ್ಲೇ ಹೊಗಳಿ ಜೀಪಿನತ್ತ ತಿರುಗಿದರು.

ಜೊತೆಗೆ ಬಂದಿದ್ದ ಚನ್ನಬಸಯ್ಯ, ಹೇಳು ಎಂಬಂತೆ ಉರುಕುಂದಪ್ಪನನ್ನು ಕಣ್ಣಲ್ಲೇ ತಿವಿದರು. ಇದು ಊರಿನ ನೀರಲ್ಲ ಎಂದರೆ ಮಹಾಂತಮ್ಮನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಬಾವಿ ಹೋಗುತ್ತದೆ. ಉರುಕುಂದಪ್ಪ ಜೀಪಿಗೆ ಅಡ್ಡ ಬಂದ.

"ಸಾರ್, ಇನ್ನೊಂದು ಗುಟುಕು ಕುಡದು ಹೋಗ್ರಿ. ಮಹಾಂತಕ್ಕಾ, ಮನಿ ಕೊಡದಾಗಿಂದು ತಾ."

ಆಕೆಯ ಮುಖ ಬಾಡಿತು. "ಅದನ್ನ ಹೆಂಗ ಕೊಡ್ಲೋ ತಮ್ಮಾ?"

"ಕೊಡಕ್ಕಾ. ನಾವು ಕುಡಿಯೋದು ಅದ ಐತಲ್ಲ."

ಮಹಾಂತಮ್ಮ ಒಳಗೆ ಹೋದವಳು ಬೇಗ ಬರಲಿಲ್ಲ. ಬಂದಾಗ ಚೊಂಬಿನ ಬಾಯನ್ನು ಸೆರಗಿನಿಂದ ಮುಚ್ಚಿದ್ದಳು. ಮಂತ್ರಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹಾಗೇ ನಿಂತುಬಿಟ್ಟರು. ಉಗುಳಲಿಲ್ಲ, ನುಂಗಲೂ ಇಲ್ಲ. ಊರೆಲ್ಲ ಅವರ ಗಂಟಲನ್ನೇ ನೋಡುತ್ತಿತ್ತು.

ಕೊನೆಗೆ ನುಂಗಿದರು. ಡ್ರೈವರನಿಗೆ ಇಂಜಿನ್ ನಿಲ್ಲಿಸಲು ಕೈಮಾಡಿ, ಬಂದು ಕಟ್ಟೆಯ ಮೇಲೆ ಕೂತು ಉರುಕುಂದಪ್ಪನ ಮುಖ ನೋಡಿದರು.

ಅವನಿಗೆ ಕಲಿತ ಮಾತು ಒಂದೂ ನೆನಪಾಗಲಿಲ್ಲ.

"ಊಟ ಆತೇನ್ರಿ ಸಾರ್?" ಎಂದ.

ಈ ಸಲ ಯಾರೂ ನಗಲಿಲ್ಲ.