ಬೆಚ್ಚಗಿನ ಬಾಟಲಿ

ಉಚ್ಚೆ ಬೆಚ್ಚಗಿರಬೇಕು. ಲೋಟ ಕೈಗೆ ಬಂದ ಕೂಡಲೇ ನೀಮೊಲ್ ನರ್ಸಮ್ಮ ಅದನ್ನು ಅಂಗೈಯಲ್ಲಿ ಹಿಡಿದು ಬಿಸಿ ನೋಡುತ್ತಿದ್ದಳು. ತಣ್ಣಗಿತ್ತೋ, ಕೆಟ್ಟಿತು ಕತೆ. ಬೇರೆಯವಳದ್ದು ತಂದಿದ್ದಾಳೆ ಅಂತಲೇ ಅರ್ಥ. ಬೆಚ್ಚಗಿದ್ದರೆ ಒಂದು ಪಟ್ಟಿ ಅದ್ದುವಳು. ಎರಡು ಗೆರೆ ಮೂಡಿದರೆ ಸುಟ್ಟು ಹೊಗೆ ಸೇದುವ ಯಾಮಾ ಅನ್ನುವ ನಶೆಮಾತ್ರೆ ಮುಟ್ಟಿಲ್ಲ, ಒಂದೇ ಗೆರೆಯಾದರೆ ಮುಟ್ಟಿದ್ದಾಳೆ. ನೋಮ್ ಪೆನ್ ನಗರದ ಬಿಯರ್ ತೋಟಗಳಲ್ಲಿ ಗಿರಾಕಿಗಳ ಪಕ್ಕ ಕೂತು, ಆಮೇಲೆ ಅವರ ಹಿಂದೆ ಹೋಗುವ ಹುಡುಗಿಯರಿಗೆ ಸೋಮವಾರ, ಗುರುವಾರ ಈ ಪರೀಕ್ಷೆ.

"ಹಾಳಾದ್ದು, ಅಲ್ಲೂ ಎರಡು ಗೆರೆ, ಇಲ್ಲೂ ಎರಡು ಗೆರೆ. ಅಲ್ಲಿ ಬಂದ್ರೆ ಬಸುರಿ, ಇಲ್ಲಿ ಬಂದ್ರೆ ಒಳ್ಳೆ ಹುಡುಗಿ. ನಂಗಂತೂ ಎರಡೂ ಆಯ್ತಲ್ಲ ಅಕ್ಕ!" ಅಂತ ಫಲ್ಲಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಗು ನಗು. ಎಂಟು ವಾರ ಕಳೀಲಿ, ಆಮೇಲೆ ನಗೋಣ," ಅಂತ ಚಂಥೂ ಗದರುವಳು.

ಚಂಥೂಗೆ ಗದರುವ ಹಕ್ಕಿತ್ತು. ಅವಳೂ ಅದೇ ಬಿಯರ್ ತೋಟದಲ್ಲಿ ಹನ್ನೊಂದು ವರ್ಷ ಸವೆದವಳು. ಯಾಮಾ ಸೇದಿ ಸೇದಿ ಮುಂದಿನ ಹಲ್ಲು ಮೂರು ಉದುರಿದ್ದವು. ಬಿಟ್ಟು ನಾಲ್ಕು ವರ್ಷ. ಈಗ ಕ್ಲಿನಿಕ್ಕಿನ ನೀಲಿ ಅಂಗಿ ತೊಟ್ಟು ಕೋಣೆ ಕೋಣೆ ಅಲೆದು, ಕಾಂಡೋಮ್ ಹಂಚಿ, ಬೈದು, ಬೇಡಿ, ಹುಡುಗಿಯರನ್ನು ಪರೀಕ್ಷೆಗೆ ಎಳೆದು ತರುವುದು ಅವಳ ಕೆಲಸ. ತಿಂಗಳಿಗೊಮ್ಮೆ ಅವಳೂ ಲೋಟ ತುಂಬಿಸಿ ಕೊಡಬೇಕು. "ನಂದು ತೊರೆ ನೀರು ಕಣ್ರೇ, ಬೇಕಾದ್ರೆ ಕುಡೀರಿ," ಅಂತ ಹುಡುಗಿಯರೆದುರು ಕೊಚ್ಚಿಕೊಳ್ಳುತ್ತಿದ್ದಳು. ಅವಳ ಹತ್ತಿರ ಹೆಮ್ಮೆಪಡೋಕೆ ಇದ್ದದ್ದು ಅದೊಂದೇ, ಪಾಪ.

ಎಳೆದು ತಂದವರಲ್ಲಿ ಉಳಿದವರು ಎಷ್ಟು ಮಂದಿ? ಒಬ್ಬಳು ಗಡಿಯಾಚೆ ಹೋದವಳು ಪತ್ತೆಯಿಲ್ಲ. ಒಬ್ಬಳು ನೇಣು ಹಾಕಿಕೊಂಡಳು. ಮೂವರು ಮತ್ತೆ ಸೇದುತ್ತಾ ಚಂಥೂ ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದವು ಬದುಕ್ತಾವಾ ಅಂತ ಜನ ಅನ್ನುವುದು ಸುಮ್ಮನೆಯೇ? ಆದರೂ ಫಲ್ಲಾ ಒಬ್ಬಳನ್ನು ಉಳಿಸಿಕೊಳ್ಳಬೇಕು ಅಂತ ಚಂಥೂ ಪಟ್ಟು ಹಿಡಿದಿದ್ದಳು.

ಫಲ್ಲಾಗೆ ಇಪ್ಪತ್ತಮೂರು. ಹದಿನೆಂಟಕ್ಕೇ ಒಂದು ಹೆತ್ತಿದ್ದಳು, ಪೊಲೀಸರು ಬೀದಿಯಿಂದ ಬಾಚಿಕೊಂಡು ಹೋಗಿ ಕೂಡಿಹಾಕಿದ್ದ ಜಾಗದಲ್ಲಿ. ಗಂಡೋ ಹೆಣ್ಣೋ ಅಂತಲೂ ಹೇಳದೆ ಮಗುವನ್ನು ತೆಗೆದುಕೊಂಡು ಹೋಗಿದ್ದರು. ಈಗ ಎರಡನೆಯದು, ಐದೂವರೆ ತಿಂಗಳು. ಊರ ಹೊರಗೆ ತಾಯಂದಿರ ಮನೆ ಅಂತ ಒಂದಿತ್ತು. ಅಲ್ಲಿ ಸೇರಿದರೆ ಹಾಸಿಗೆ, ಊಟ, ಹೆರಿಗೆ. ಹೆತ್ತ ಮಗುವನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಆದರೆ ಎಂಟು ವಾರ ಎರಡೆರಡು ಗೆರೆ ಬಂದಿರಬೇಕು. ಒಂದು ಸಲ ತಪ್ಪಿದರೂ ಮತ್ತೆ ಮೊದಲಿಂದ ಶುರು. ಮೊದಲಿಂದ ಶುರು ಮಾಡೋಕೆ ಹೊಟ್ಟೆ ಕಾಯುತ್ತದೆಯೇ?

ಮೂರು ವಾರ ಫಲ್ಲಾ ಹಲ್ಲು ಕಚ್ಚಿ ನಿಂತಳು. ಚಂಥೂ ಆಗಲೇ ಒಂದು ಮೂಟೆ ಇದ್ದಿಲು ತಂದು ಮಂಚದಡಿ ತಳ್ಳಿದ್ದಳು. ಹೆತ್ತವಳನ್ನು ಬಿದಿರು ಮಂಚದ ಮೇಲೆ ಮಲಗಿಸಿ ಕೆಳಗೆ ಕೆಂಡ ಇಟ್ಟು ಕಾಯಿಸಬೇಕಲ್ಲ.

"ಅಕ್ಕ, ಇಷ್ಟು ಇದ್ದಿಲಲ್ಲಿ ನನ್ನ ಕಾಯಿಸ್ತೀಯೋ, ಹಂದಿ ಥರ ಸುಡ್ತೀಯೋ?"

"ಮೊದಲು ನದಿ ದಾಟು, ಆಮೇಲೆ ನೋಡ್ಕೊಳ್ಳೋಣ." ಹೆರಿಗೆಗೆ ಅಲ್ಲಿಯವರು ನದಿ ದಾಟುವುದು ಅಂತಲೇ ಹೇಳುವುದು.

ನಾಲ್ಕನೆಯ ವಾರ, ಸೋಮವಾರ. ಎರಡು ಗೆರೆ ಬಂತು. ನೀಮೊಲ್ ಎಂದಿನಂತೆ ಲೋಟ ಹಿಡಿದು ಫಲ್ಲಾಳನ್ನು ಒಳಕೋಣೆಗೆ ಕರೆದುಕೊಂಡು ಹೋದಳು. ಒಳಗೆ ಬಸುರಿಯರಿಗಷ್ಟೇ ಪ್ರವೇಶ. ಲೋಟ ಚೆಲ್ಲೋಕೆ ಒಯ್ಯುತ್ತಾಳೆ ಅಂದುಕೊಂಡಿದ್ದಳು ಚಂಥೂ. ಯಾಕಮ್ಮ ಅಂತ ಒಂದು ದಿನವೂ ಕೇಳಲಿಲ್ಲ. ಹೊರಗೆ ಬಂದ ಫಲ್ಲಾಳ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು ಗೀಚಿತ್ತು. ಡಾಕ್ಟರುಗಳ ಥರದ ಲಿಪಿ, ಯಾವ ದೇವರಿಗೂ ಅರ್ಥವಾಗದ್ದು.

"ಏನೇ ಇದು ಕೆಂಪಗೆ?"

"ಗೊತ್ತಿಲ್ಲ. ಗುರುವಾರ ಮತ್ತೆ ನೋಡ್ತೀನಿ, ಆಮೇಲೆ ಹೇಳ್ತೀನಿ ಅಂದ್ರು."

ಚಂಥೂಳ ಬದುಕಲ್ಲಿ ಕೆಂಪು ಶಾಯಿ ಅಂದರೆ ಒಂದೇ: ಅನುಮಾನ. ಪಟ್ಟಿಯಲ್ಲಿ ಏನೋ ಮಸುಕು ಕಂಡಿರಬೇಕು, ಗುರುವಾರ ಹಿಡಿಯುತ್ತಾರೆ.

ಗುರುವಾರ ಬೆಳಿಗ್ಗೆ ಕೋಣೆಗೆ ಹೋದರೆ ಫಲ್ಲಾ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಣ್ಣು ನೋಡಿದ ಕೂಡಲೇ ಚಂಥೂಗೆ ಗೊತ್ತಾಯಿತು.

"ಸೇದಿದೆಯಾ?"

"ನಿನ್ನೆ ಒಬ್ಬ ಹಟ ಹಿಡಿದ ಅಕ್ಕ. ಜೊತೆಗೆ ಸೇದದಿದ್ರೆ ಬೇರೆಯವಳನ್ನ ಕರೀತೀನಿ ಅಂದ. ಒಂದೇ ಒಂದು ದಮ್ಮು."

"ನಿನ್ನ ಮುಖಕ್ಕಿಷ್ಟು!" ಚಂಥೂ ಕೈಯೆತ್ತಿದಳು, ಹೊಡೆಯಲಾಗಲಿಲ್ಲ.

"ಇದನ್ನೂ ಕಿತ್ಕೊಂಡು ಹೋಗ್ತಾರೆ ಅಕ್ಕ. ಈ ಸಲ ನಾನು ಬದುಕಿರಲ್ಲ, ನೋಡ್ತಿರು." ಫಲ್ಲಾ ಅಳಲೂ ಇಲ್ಲ, ಸುಮ್ಮನೆ ಹೊಟ್ಟೆ ಸವರುತ್ತಾ ಹೇಳಿದಳು.

ಬುದ್ಧಿ ಎಲ್ಲಿಗೆ ಹೋಗಿತ್ತೋ! ಇಲ್ಲ, ಬುದ್ಧಿ ಅಲ್ಲೇ ಇತ್ತು. ಹಳೆಯ ಬುದ್ಧಿ, ಹನ್ನೊಂದು ವರ್ಷ ಕಲಿತದ್ದು. ಕೆಮ್ಮಿನ ಔಷಧಿಯ ಖಾಲಿ ಬಾಟಲಿ ತೊಳೆದು, ಮರೆಗೆ ಹೋಗಿ ತನ್ನದನ್ನೇ ತುಂಬಿದಳು. ಚೌಕುಳಿ ಕ್ರಾಮಾ ಬಟ್ಟೆಯಲ್ಲಿ ಸುತ್ತಿ ಫಲ್ಲಾಳ ಹೊಟ್ಟೆಯ ಕೆಳಗೆ ಬಿಗಿಯಾಗಿ ಕಟ್ಟಿದಳು. ಪಾಯಿಖಾನೆಯ ಬಾಗಿಲನ್ನು ಕೆಳಗೆ ಗೇಣುದ್ದ ಕತ್ತರಿಸಿದ್ದಾರೆ, ಹೊರಗಿಂದ ಪಾದ ಕಾಣುತ್ತದೆ, ಪಾದ ಅಲುಗಿಸಬೇಡ ಅಂತ ಹೇಳಿಕೊಟ್ಟಳು.

"ತಣ್ಣಗಾದ್ರೆ?"

"ಆಗಲ್ಲ. ಒಳಗೆ ಮಲಗಿರೋದು ಬೆಚ್ಚಗಿಡುತ್ತೆ."

ನೀಮೊಲ್ ಲೋಟ ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಎರಡು ಗೆರೆ. ಒಳಗೆ ಹೋಗಿ ಬಂದ ಮೇಲೆ ಕಾರ್ಡಿನ ಕೆಂಪು ಸಾಲಿನ ಮೇಲೆ ಅಡ್ಡ ಗೆರೆ ಎಳೆದಿತ್ತು. ನರ್ಸಮ್ಮ ನಗುನಗುತ್ತಾ, "ಎಲ್ಲ ಚೆನ್ನಾಗಿದೆ ಹೋಗಿ," ಅಂದಳು. ಚಂಥೂ ದಾರಿಯಲ್ಲಿ ಸಿಕ್ಕಿದ ಮೊದಲ ದೇವರಗುಡಿಗೆ ಮೂರು ಊದುಬತ್ತಿ ಹಚ್ಚಿದಳು.

ಒಂದು ಸಲ ಅಂದದ್ದು ಒಂದೇ ಸಲಕ್ಕೆ ನಿಲ್ಲುತ್ತದೆಯೇ? ಬಾಟಲಿ ಇದೆ ಅಂತ ಧೈರ್ಯ ಬಂದ ಮೇಲೆ ಫಲ್ಲಾ ಎರಡು ಸಲ ಜಾರಿದಳು. ಜಾರದ ವಾರವೂ ಇಬ್ಬರಿಗೂ ಭಯ, ಮೈಯಲ್ಲಿ ಇನ್ನೂ ಉಳಿದಿದ್ದರೆ ಅಂತ. ಸೋಮವಾರ ಬಾಟಲಿ, ಗುರುವಾರ ಬಾಟಲಿ. ಬೈಯುತ್ತಲೇ ತುಂಬುತ್ತಿದ್ದಳು ಚಂಥೂ. ಒಳಗೆ ಮಾತ್ರ ಅವಳಿಗೆ ಒಂದು ಕಳ್ಳ ಸಂತೋಷ. ಜೀವಮಾನದಲ್ಲಿ ಯಾರಿಗೂ ಏನೂ ಕೊಡಲಾಗದವಳು, ಕೊನೆಗೆ ತನ್ನ ಶುದ್ಧಿಯನ್ನಾದರೂ ಕೊಡುತ್ತಿದ್ದೇನಲ್ಲ ಅಂತ.

ಆರನೆಯ ವಾರ ಫಲ್ಲಾಳ ಪಾದ ಊದಿತು, ಚಪ್ಪಲಿ ಹಿಡಿಸಲಿಲ್ಲ. ಏಳನೆಯ ವಾರ ಮುಖವೂ ಊದಿತು. ನೀಮೊಲ್ ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡಿ, "ಸ್ವಲ್ಪ ಏರಿದೆ. ಆದ್ರೆ ಮಿಕ್ಕಿದ್ದೆಲ್ಲ ಸರಿಯಿದೆಯಲ್ಲ. ಉಪ್ಪುಮೀನು ಬಿಡು, ಕಾಲು ಎತ್ತಿಟ್ಟು ಮಲಗು," ಅಂದಳಂತೆ.

ಎಂಟನೆಯ ವಾರ ತಲೆನೋವು ಶುರುವಾಯಿತು.

"ಅಕ್ಕ, ಕಣ್ಣ ಮುಂದೆ ಹುಳ ಹಾರ್ತವೆ. ಮಿಣುಕು ಹುಳ."

"ಹಾರದೆ ಏನು? ಯಾಮಾ ಬಿಟ್ಟವರಿಗೆಲ್ಲ ಹಾರ್ತವೆ. ನಂಗೆ ಗೋಡೆ ಮೇಲೆ ಬೆಕ್ಕು ಕಾಣ್ತಿತ್ತು," ಅಂದಳು ಚಂಥೂ. ಫಲ್ಲಾಳನ್ನು ಮುಂದಕ್ಕೆ ಬಗ್ಗಿಸಿ ಕೂರಿಸಿ, ನೋವಿನ ಎಣ್ಣೆ ಸವರಿ, ನಾಣ್ಯದಿಂದ ಬೆನ್ನನ್ನು ಗೆರೆಗೆರೆಯಾಗಿ ಕೆರೆದು ಗಾಳಿ ತೆಗೆದಳು. ಬೆನ್ನೆಲ್ಲ ಕೆಂಪು ಬರೆ. "ನೋಡು, ಎಷ್ಟು ಕೆಟ್ಟ ಗಾಳಿ ತುಂಬ್ಕೊಂಡಿತ್ತು! ಇನ್ನು ನಾಲ್ಕೇ ದಿನ ತಡ್ಕೋ ನನ್ನವ್ವ."

ಫಲ್ಲಾ ತಡೆದುಕೊಂಡಳು. ಅಕ್ಕ ಹೇಳಿದಳು ಅಂತ ತಡೆದುಕೊಂಡಳು.

ಆ ಗುರುವಾರ ಕೊನೆಯ ಎರಡು ಗೆರೆ ಬಂತು. ತಾಯಂದಿರ ಮನೆಯ ಚೀಟಿ ಕೈಗೆ ಸಿಕ್ಕಿತು. ಸೋಮವಾರ ಬೆಳಿಗ್ಗೆ ಬಟ್ಟೆಗಂಟು, ಮಗುವಿಗೆ ಹೆಣೆದ ಟೊಪ್ಪಿ, ಇದ್ದಿಲ ಮೂಟೆ ಎಲ್ಲ ಟುಕ್‌ಟುಕ್‌ಗೆ ಏರಿಸಿ ಇಬ್ಬರೂ ಕೂತರು. ಮಾರುಕಟ್ಟೆ ದಾಟುವ ಹೊತ್ತಿಗೆ ಫಲ್ಲಾ, "ಅಕ್ಕ, ಏನೂ ಕಾಣ್ತಿಲ್ಲ. ಕತ್ತಲಾಯ್ತಾ?" ಅಂದಳು. ಹೊರಗೆ ಹತ್ತು ಗಂಟೆಯ ಬಿಸಿಲು ಸುಡುತ್ತಿತ್ತು. ಚಂಥೂ ಉತ್ತರ ಕೊಡುವ ಮೊದಲೇ ಅವಳ ಕುತ್ತಿಗೆ ಸೆಟೆಯಿತು, ಕೈಕಾಲು ಬಡಿಯತೊಡಗಿದವು, ಕಚ್ಚಿಕೊಂಡ ನಾಲಿಗೆಯಿಂದ ರಕ್ತ ಗದ್ದಕ್ಕಿಳಿಯಿತು.

"ಮಾತ್ರೆ ಜಾಸ್ತಿ ತಗೊಂಡಿದ್ದಾಳೆ ಇವಳು! ಇಳೀರಿ, ಇಳೀರಿ ನನ್ನ ಗಾಡಿಯಿಂದ!" ಅಂತ ಡ್ರೈವರ್ ಕೂಗಿದ.

"ನಿನ್ನ ನಾಲಿಗೆ ಸೇದಿಹೋಗ! ಆಸ್ಪತ್ರೆಗೆ ಓಡಿಸೋ!"

ಆಸ್ಪತ್ರೆಯಲ್ಲೂ ಅದೇ ಮಾತು. ಬಿಯರ್ ತೋಟದ ಹುಡುಗಿ, ಫಿಟ್ಸು, ಇನ್ನೇನಿರುತ್ತೆ, ಯಾಮಾ. ಚಂಥೂ ಕಾರ್ಡು ತೆಗೆದು ಡಾಕ್ಟರ ಮುಖಕ್ಕೆ ಹಿಡಿದಳು. "ಇವಳು ಶುದ್ಧವಾಗಿದ್ದಾಳೆ! ಎಂಟು ವಾರ! ಓದಿ ನೋಡಿ!" ಡಾಕ್ಟರು ಎಳೆಯವ, ಓದಿದ. ಉಚ್ಚೆಯಲ್ಲಿ ಏನೂ ಇಲ್ಲ, ಮೊನ್ನೆ ಗುರುವಾರವೂ ಇಲ್ಲ ಅಂತ ಬರೆದಿತ್ತು. ಹಾಗಾದರೆ ಮೈ ಊದಿಸಿ ಸೆಳವು ತರುವ ಬಸುರಿನ ನಂಜಲ್ಲ, ತಲೆಯೊಳಗೇ ಏನೋ ಇರಬೇಕು ಅಂತ ಬೇರೆ ದಾರಿ ಹಿಡಿದ. ಹಿರಿಯ ಡಾಕ್ಟರು ಬಂದು ನಳಿಕೆ ಹಾಕಿ ಉಚ್ಚೆ ತೆಗೆದು ಪಟ್ಟಿ ಅದ್ದುವಷ್ಟರಲ್ಲಿ ಮೂರು ಸಲ ಸೆಳವು ಬಂದು ಹೋಗಿತ್ತು. ಪಟ್ಟಿ ಕಡುಹಸಿರಾಯಿತು, ನಂಜು ತುಂಬಿತ್ತು. ಅವರು ಕಾರ್ಡನ್ನೂ ಪಟ್ಟಿಯನ್ನೂ ಅಕ್ಕಪಕ್ಕ ಹಿಡಿದು ನೋಡಿ, "ಈ ಕಾರ್ಡು ಯಾರದು?" ಅಂತ ಕೇಳಿದರು.

ಚಂಥೂ ಬಟ್ಟೆಗಂಟಿನಿಂದ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ಮಧ್ಯಾಹ್ನ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಅಳಲಿಲ್ಲ. ನಾಲ್ಕು ಗಂಟೆಗೆ ಫಲ್ಲಾಳೂ ಹೋದಳು. ನದಿಯ ನಟ್ಟನಡುವೆ ಕೈಬಿಟ್ಟಂತಾಯಿತು.

ಸುದ್ದಿ ಕೇಳಿ ನೀಮೊಲ್ ಓಡಿ ಬಂದಳು. ಮೊಗಸಾಲೆಯ ನೆಲದ ಮೇಲೆ ಟೊಪ್ಪಿ ಹಿಡಿದು ಕೂತಿದ್ದ ಚಂಥೂಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. "ನಿಂದೇನೂ ತಪ್ಪಿಲ್ಲ ಕಣೆ. ಹೆತ್ತ ತಾಯಿಗಿಂತ ಹೆಚ್ಚು ನೋಡ್ಕೊಂಡೆ. ನಾನೇ ಕುರುಡಿ. ಪ್ರತಿ ಸಲ ಅದೇ ಲೋಟದಲ್ಲಿ ಇನ್ನೊಂದು ಪಟ್ಟಿ ಅದ್ದಿ ನಂಜು ನೋಡ್ತಿದ್ದೆ. ಈಚೆಗೆ ಪ್ರತಿ ಸಲವೂ ಸರಿಯಿತ್ತು. ನನ್ನ ಕೈಯೇ ನಂಗೆ ಮೋಸ ಮಾಡ್ತಾ?"

ಸುಮ್ಮನಿದ್ದುಬಿಡಬಹುದಿತ್ತು. ಸತ್ತವಳು ಬಂದು ಹೇಳುತ್ತಾಳೆಯೇ? ಆದರೆ ನರ್ಸಮ್ಮನ ಕಣ್ಣೀರು ಅವಳ ಹೆಗಲ ಮೇಲೆ ಬೀಳುತ್ತಿತ್ತು.

"ಅದು ಅವಳದ್ದಲ್ಲ ನರ್ಸಮ್ಮ," ಅಂದಳು ಚಂಥೂ. "ನಂದು."

ನೀಮೊಲ್ ತಬ್ಬಿದ ಕೈ ತೆಗೆದಳು.

"ಎಷ್ಟು ಸಲ?"

"ಒಂಬತ್ತು."

"ಯಾವಾಗಿಂದ?"

"ನಾಲ್ಕನೇ ವಾರದ ಗುರುವಾರದಿಂದ. ನೀವು ಕೆಂಪಲ್ಲಿ ಬರೆದಿದ್ರಲ್ಲ, ಅವಳ ಮೇಲೆ ಅನುಮಾನ ಬಂತು ಅಂದ್ಕೊಂಡೆ. ಅದನ್ನ ಅಳಿಸಬೇಕಿತ್ತು."

ನೀಮೊಲ್ ಚಂಥೂಳ ಪಕ್ಕ ಬಿದ್ದಿದ್ದ ಕಾರ್ಡು ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟಳು. ಅಡ್ಡ ಗೆರೆಯ ಕೆಳಗೆ ಕೆಂಪು ಅಕ್ಷರ ಇನ್ನೂ ಕಾಣುತ್ತಿತ್ತು.

"ಇದರಲ್ಲಿ ಏನು ಬರೆದಿದ್ದೆ ಗೊತ್ತಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಚಂಥೂಗೆ ತಡೆಯಲಾಗಲಿಲ್ಲ. "ಸ್ವಲ್ಪ ನಂಜು ಕಾಣ್ತಿದೆ. ಗುರುವಾರವೂ ಕಂಡ್ರೆ ದೊಡ್ಡಾಸ್ಪತ್ರೆಗೆ ಸೇರಿಸಬೇಕು ಅಂತ."

ಚಂಥೂ ಟೊಪ್ಪಿಯನ್ನು ಮಡಿಲಲ್ಲಿ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.